ಅಳಿವೆಗೆ 8-ವೇಟ್ ಫ್ಲೈ ರಾಡ್: ಆರ್ವಿಸ್ ಕ್ಲಿಯರ್‌ವಾಟರ್, ಮತ್ತು ಊರಿನ ಅಂಗಡಿಯಲ್ಲಿ ಸಿಗುವ ಉಳಿದದ್ದು

ಹೊನ್ನಾವರದ ಶರಾವತಿ, ಕುಮಟಾ ಕಡೆಯ ಅಘನಾಶಿನಿ, ಕಾರವಾರದ ಕಾಳಿ. ಈ ಅಳಿವೆಗಳಲ್ಲಿ ಫ್ಲೈ (ಕೂದಲು, ತುಪ್ಪಳ ಕಟ್ಟಿದ ಹುಸಿ ಆಹಾರದ ಗಾಳ) ಬೀಸಲು ಒಂಬತ್ತು ಅಡಿಯ 8-ವೇಟ್ ರಾಡ್ (8 ನಂಬರ್ ತೂಕದ ಲೈನಿಗೆ ಮಾಡಿದ್ದು) ಸರಿಯಾದ ಅಳತೆ. ಅದಕ್ಕಿಂತ ಹಗುರವಾದದ್ದು ಮಧ್ಯಾಹ್ನದ ಪಡುಗಾಳಿಗೆ ಸೋಲುತ್ತದೆ, ಭಾರವಾದದ್ದು ಎರಡು ತಾಸಿನಲ್ಲಿ ಹೆಗಲು ಹಿಡಿಸುತ್ತದೆ. ಈ ಅಳತೆಯ ಮಧ್ಯಮ ದರ್ಜೆಯ ರಾಡುಗಳಲ್ಲಿ ಆರ್ವಿಸ್‌ನ ಕ್ಲಿಯರ್‌ವಾಟರ್ 908-4 ಹೆಚ್ಚು ಓಡಾಡುವ ಹೆಸರು. ಇಲ್ಲಿಗೆ ತರಿಸಿದರೆ ಅಮೆರಿಕದ ಬೆಲೆಯ ಮೇಲೆ ಸಾಗಣೆ, ಸುಂಕ ಬೇರೆ. ಕರಾವಳಿಯ ಟ್ಯಾಕಲ್ ಅಂಗಡಿಗಳಲ್ಲಿ ಹೆಚ್ಚಾಗಿ ಇರುವುದು ಸ್ಪಿನ್ನಿಂಗ್ (ಫ್ಲೈ ಅಲ್ಲದ ಮಾಮೂಲಿ ಗಾಳದ) ಸಾಮಾನು, ಆದ್ದರಿಂದ ರಾಡನ್ನು ಹೊರಗಿನಿಂದಲೇ ತರಿಸಬೇಕಾಗಬಹುದು. ಉಳಿದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಊರಿನ ಅಂಗಡಿಯಲ್ಲೇ ಹೊಂದಿಸಬಹುದು.

ರಾಡ್ ನಾಲ್ಕು ತುಂಡಿನದು. ಹಿಡಿ ದಪ್ಪ ಕಾರ್ಕಿನ, ಎರಡೂ ತುದಿ ಉಬ್ಬಿದ ಫುಲ್ ವೆಲ್ಸ್ ಮಾದರಿಯದು, ಬುಡದಲ್ಲಿ ಹೊಟ್ಟೆಗೆ ಆನಿಸಿಕೊಳ್ಳಲು ಫೈಟಿಂಗ್ ಬಟ್ ಇದೆ. ಮೂರು ಪಟ್ಟು ಬೆಲೆಯ ರಾಡುಗಳ ಪಕ್ಕದಲ್ಲಿ ಹಿಡಿದರೆ ತುದಿ ಸ್ವಲ್ಪ ಭಾರ ಎನಿಸುತ್ತದೆ, ಬೀಸು ನಿಲ್ಲಿಸಿದ ಮೇಲೂ ತುದಿ ಒಂದು ಕ್ಷಣ ಅಲುಗುತ್ತದೆ. ಎಪ್ಪತ್ತು ಅಡಿಯಾಚೆ ಎಸೆಯುವವರಿಗೆ ಇದು ಗೊತ್ತಾಗುತ್ತದೆ. ಆದರೆ ಕಾಂಡ್ಲಾ (ಮ್ಯಾಂಗ್ರೋವ್) ಬೇರಿನ ಅಂಚಿಗೆ ಬೇಕಾಗುವುದು ನಲವತ್ತು, ಐವತ್ತು ಅಡಿ. ಆ ದೂರದಲ್ಲಿ ಈ ರಾಡಿನ ಬಗ್ಗೆ ತಕರಾರಿಲ್ಲ.

ಹಣ ಹಾಕಬೇಕಾದದ್ದು ಲೈನಿಗೆ. ಅಳತೆಪಟ್ಟಿಯ ಪ್ರಕಾರ 8 ನಂಬರ್ ಲೈನಿನ ಮೊದಲ 30 ಅಡಿ 210 ಗ್ರೇನ್, ಅಂದರೆ 13.6 ಗ್ರಾಂ ತೂಗಬೇಕು. ಸಮುದ್ರದ ಲೈನುಗಳಲ್ಲಿ ಹಲವು ಇದಕ್ಕಿಂತ ಅರ್ಧ ನಂಬರ್ ಭಾರವಾಗಿಯೇ ಬರುತ್ತವೆ; ಈ ರಾಡ್ ಆ ಭಾರವನ್ನು ಸುಖವಾಗಿ ಹೊರುತ್ತದೆ. ಪೆಟ್ಟಿಗೆಯ ಮೇಲೆ ‘ಟ್ರಾಪಿಕಲ್’ ಎಂದಿದೆಯೇ ನೋಡಿ. ತಣ್ಣೀರಿನ ಟ್ರೌಟ್ ಲೈನ್ ನಮ್ಮ ಏಪ್ರಿಲ್ ಬಿಸಿಲಿಗೆ ಮೆತ್ತಗಾಗಿ ಗೈಡುಗಳಿಗೆ (ಲೈನ್ ಹಾಯುವ ಉಂಗುರಗಳಿಗೆ) ಅಂಟುತ್ತದೆ, ದೂರ ಅರ್ಧಕ್ಕಿಳಿಯುತ್ತದೆ, ಎಸೆಯುವವನು ತನ್ನ ಕೈಯನ್ನೇ ಬೈದುಕೊಳ್ಳುತ್ತಾನೆ. ಒಂದೇ ಲೈನ್ ಕೊಳ್ಳುವುದಾದರೆ ತೇಲುವುದಕ್ಕಿಂತ ಇಂಟರ್‌ಮೀಡಿಯೇಟ್ ಮೇಲು. ಇಳಿತದ ಸೆಳೆತದಲ್ಲಿ ತೇಲುವ ಲೈನ್ ಕಮಾನಾಗಿ ಬಾಗಿ ಫ್ಲೈಯನ್ನು ಮೇಲಕ್ಕೆಳೆಯುತ್ತದೆ. ಇಂಟರ್‌ಮೀಡಿಯೇಟ್ ನಿಧಾನಕ್ಕೆ ಮುಳುಗಿ ನೇರವಾಗಿ ನಿಲ್ಲುತ್ತದೆ.

ರೀಲಿನಲ್ಲಿ ನೋಡಬೇಕಾದದ್ದು ಡ್ರ್ಯಾಗ್ (ಲೈನ್ ಓಡುವುದನ್ನು ತಡೆಹಿಡಿಯುವ ಬ್ರೇಕು) ಪೂರ್ತಿ ಸೀಲ್ ಆಗಿದೆಯೇ ಎಂಬುದು. ಆರ್ವಿಸ್‌ನದೇ ಹೈಡ್ರೋಸ್ ರೀಲಿನಲ್ಲಿ ಸೀಲ್ ಇದೆ. ಸೀಲಿಲ್ಲದ ಎರಕದ ರೀಲ್ ಸಿಹಿನೀರಿಗೆ ಚೆನ್ನ. ಉಪ್ಪುನೀರಿನಲ್ಲಿ ಡಿಸ್ಕುಗಳ ನಡುವೆ ಉಪ್ಪು ಕೂತು ಎಳೆತ ಜರ್ಕಾಗುತ್ತದೆ, ಆ ಜರ್ಕಿಗೆ ಲೈನಿನ ಮುಂದಿನ ತೆಳು ಎಳೆಯಾದ ಟಿಪ್ಪೆಟ್ ಕಡಿಯುತ್ತದೆ. ಡ್ರ್ಯಾಗನ್ನು ಟಿಪ್ಪೆಟ್ ತಾಕತ್ತಿನ ಕಾಲು ಭಾಗಕ್ಕೆ ಇಡಿ: 20 ಪೌಂಡಿನ ಟಿಪ್ಪೆಟ್‌ಗೆ ಎರಡು ಕಿಲೋಗಿಂತ ತುಸು ಹೆಚ್ಚು. ಅಳೆಯಲು ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ ಸಾಕು.

ಇನ್ನು ಊರಿನ ಅಂಗಡಿಗೆ ಹೋಗೋಣ. ಬ್ಯಾಕಿಂಗಿಗೆ (ರೀಲಿನಲ್ಲಿ ಲೈನಿನ ಹಿಂದೆ ಸುತ್ತುವ ದಾರಕ್ಕೆ) ಡೇಕ್ರಾನ್ ಸಿಗದಿದ್ದರೆ 30 ಪೌಂಡಿನ ಎಂಟು ಎಳೆಯ ಬ್ರೇಡ್ 200 ಮೀಟರ್ ತನ್ನಿ. ಇದಕ್ಕೆ ಎರಡು ರೋಗಗಳಿವೆ. ನುಣುಪಾದ ಸ್ಪೂಲಿನ ಮೇಲೆ ಇಡೀ ಸುತ್ತೇ ಜಾರುತ್ತದೆ; ಅಡಿಯಲ್ಲಿ ಐದಾರು ಸುತ್ತು ನೈಲಾನ್ ಹಾಕಿ ಅದಕ್ಕೆ ಬ್ರೇಡ್ ಕಟ್ಟಿದರೆ ನಿಲ್ಲುತ್ತದೆ. ಎರಡನೆಯದು, ಸಡಿಲವಾಗಿ ಸುತ್ತಿದ್ದರೆ ಮೀನು ಎಳೆದಾಗ ಮೇಲಿನ ಎಳೆ ಕೆಳಗಿನ ಸುತ್ತಿನೊಳಗೆ ಹೂತು ಸಿಕ್ಕಿಕೊಳ್ಳುತ್ತದೆ. ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಹಿಡಿದು ಅಡ್ಡಡ್ಡ ಸುತ್ತಿ. ಬೆರಳಿಗೆ ಬಟ್ಟೆಯಿಲ್ಲದೆ ಓಡುವ ಬ್ರೇಡ್ ಮುಟ್ಟಬೇಡಿ, ಬ್ಲೇಡಿನಂತೆ ಸೀಳುತ್ತದೆ. ಲೈನಿನ ಲೂಪಿಗೆ ಸೇರಿಸುವ ಕಡೆ ಬ್ರೇಡನ್ನು ಜೋಡಿ ಎಳೆ ಮಾಡಿ. ಒಂಟಿ ಎಳೆ ಲೂಪಿನ ಹೊದಿಕೆಯನ್ನು ಕೊರೆಯುತ್ತದೆ.

ಲೈನಿಗೂ ಫ್ಲೈಗೂ ನಡುವೆ ಕಟ್ಟುವ ಲೀಡರಿಗೂ ಅದೇ ಅಂಗಡಿಯ ಫ್ಲೋರೋಕಾರ್ಬನ್ ಎಳೆ ಸಾಕು: 40 ಪೌಂಡಿನದು ನಾಲ್ಕೂವರೆ ಅಡಿ, 30ರದು ಎರಡಡಿ, 20ರದು ಎರಡಡಿ, ಬ್ಲಡ್ ನಾಟ್‌ನಿಂದ ಸೇರಿಸಿ. ತುದಿಗೆ ಮತ್ತೆ 40 ಪೌಂಡಿನ ಒಂದಡಿಯನ್ನು ಡಬಲ್ ಯೂನಿ ಗಂಟಿನಲ್ಲಿ ಕಟ್ಟಿ. ಕಾರವಾರದ ಕಡೆ ಚೊಣಕ ಎನ್ನುವ ಬಾರಾಮುಂಡಿಯ ಕಿವಿರು ಮುಚ್ಚಳದ ಅಂಚು, ಮ್ಯಾಂಗ್ರೋವ್ ಜ್ಯಾಕ್ ಮೀನಿನ ಹಲ್ಲು, ಬಳಚಿನ ಚಿಪ್ಪು, ಮೂರಕ್ಕೂ ಈ ಒಂದಡಿ ಬೇಕೇ ಬೇಕು. ಗಂಟು ಬಿಗಿಯುವ ಮೊದಲು ಉಗುಳು ಹಚ್ಚಿ. ಒಣಗಂಟು ಬಿಸಿಯಾಗಿ ಅಲ್ಲೇ ಮುರಿಯುತ್ತದೆ.

ಫ್ಲೈ ಎಂದರೆ ಇಲ್ಲಿ ಮೊದಲು ಕ್ಲೌಸರ್ ಮಿನ್ನೋ (ಭಾರದ ಕಣ್ಣಿನ, ಮರಿಮೀನಿನಂಥ ಫ್ಲೈ), 1/0 ಸ್ಟೇನ್‌ಲೆಸ್ ಗಾಳದ ಮೇಲೆ. ಡಂಬೆಲ್ ಕಣ್ಣು ಸಿಗದಿದ್ದರೆ ಹಾರ್ಡ್‌ವೇರ್ ಅಂಗಡಿಯ ಮಣಿ ಸರಪಳಿಯ ಎರಡು ಮಣಿ ಕತ್ತರಿಸಿ ಕಟ್ಟಿ. ಹಗುರವಾಗುವುದರಿಂದ ಎರಡಡಿ ಆಳದ ನೀರಿಗೆ ಅದೇ ಒಳ್ಳೆಯದು. ಜಿಂಕೆ ಬಾಲದ ಕೂದಲಿನ ಬದಲು ಮೇಕೆ ಕೂದಲು ಅಥವಾ ಕೃತಕ ತುಪ್ಪಳ ನಡೆಯುತ್ತದೆ.

ರಾಡ್ ಮುರಿಯುವುದು ಬಹುಪಾಲು ಮೀನಿನಿಂದಲ್ಲ. ಭಾರದ ಕ್ಲೌಸರ್ ಹಿಂಬೀಸಿನಲ್ಲಿ ಕೆಳಗಿಳಿದು ಬ್ಲ್ಯಾಂಕಿಗೆ (ರಾಡಿನ ಕಡ್ಡಿಗೆ) ಬಡಿಯುತ್ತದೆ, ಕಾರ್ಬನ್‌ನಲ್ಲಿ ಕಾಣದ ಗಾಯ ಉಳಿಯುತ್ತದೆ, ಮುಂದೆಂದೋ ಚಿಕ್ಕ ಮೀನಿಗೆ ಟಪ್ಪೆಂದು ಹೋಗುತ್ತದೆ. ಬೀಸಿನ ಕುಣಿಕೆಯನ್ನು ಅಗಲ ಮಾಡಿ. ಎರಡನೆಯ ಕಾರಣ ತುಂಡುಗಳ ಜೋಡಣೆ ಸಡಿಲಾಗುವುದು: ತಾಸಿಗೊಮ್ಮೆ ತಿರುಚಿ ಬಿಗಿ ನೋಡಿ, ಮೊದಲೇ ಮೇಣದಬತ್ತಿ ಉಜ್ಜಿ. ಮೂರನೆಯದು ಮೀನು ಕಾಲಬುಡಕ್ಕೆ ಬಂದಾಗ ರಾಡನ್ನು ನೆಟ್ಟಗೆ ಎತ್ತುವುದು. ಬೇರಿಗೆ ಗಾಳ ಸಿಕ್ಕಿದರೆ ರಾಡನ್ನು ಅದರತ್ತ ನೇರ ಚಾಚಿ ಲೈನನ್ನು ಕೈಯಿಂದ ಎಳೆಯಿರಿ. ಮೀನು ಕಚ್ಚಿದಾಗಲೂ ಅಷ್ಟೇ: ಎಡಗೈಯಿಂದ ಲೈನ್ ಸೆಳೆದು ಗಾಳ ನಾಟಿಸಿ, ರಾಡ್ ಎತ್ತಬೇಡಿ.

ಮನೆಗೆ ಬಂದ ಮೇಲೆ ನಲ್ಲಿಯ ಸಣ್ಣ ಧಾರೆಯಲ್ಲಿ ತೊಳೆಯಿರಿ. ಜೋರಿನ ಪೈಪು ಉಪ್ಪನ್ನು ಒಳಕ್ಕೆ ತಳ್ಳುತ್ತದೆ. ರೀಲ್ ಕಳಚಿ, ಡ್ರ್ಯಾಗ್ ಪೂರ್ತಿ ಸಡಿಲಿಸಿ, ರೀಲ್ ಸೀಟಿನ ಉಂಗುರ ತಿರುಗಿಸಿ ಒಣಗಿಸಿ. ಗೈಡಿನ ಕಾಲು ವಾರ್ನಿಶ್ ಒಳಗೆ ಕಂದಾಗಿದ್ದರೆ ತುಕ್ಕು ಶುರುವಾಗಿದೆ ಎಂದೇ ಅರ್ಥ. ಮಳೆಗಾಲದಲ್ಲಿ ಒದ್ದೆ ರಾಡನ್ನು ಟ್ಯೂಬಿಗೆ ತುಂಬಿದರೆ ಕಾರ್ಕಿಗೆ ಬೂಷ್ಟು ಗ್ಯಾರಂಟಿ. ಕಂಪನಿಯ 25 ವರ್ಷದ ಗ್ಯಾರಂಟಿ ಇದಕ್ಕೆ ಸಂಬಂಧಿಸಿದ್ದಲ್ಲ. ಅದು ಮುರಿದ ತುಂಡಿಗೆ. ಅದರಲ್ಲೂ ತುಂಡು ಕಳಿಸುವ ಅಂಚೆ ಖರ್ಚು, ಬದಲಿ ತುಂಡಿನ ಶುಲ್ಕ ನಿಮ್ಮದೇ ಎಂದು ಲೆಕ್ಕ ಹಾಕಿಕೊಂಡು ಕೊಳ್ಳಿ.

ದೋಣಿ ಹತ್ತಿ ಹೊರ ಸಮುದ್ರಕ್ಕೆ ಅಂಜಲ್, ದೊಡ್ಡ ಕೊಕ್ಕರ್ ಹುಡುಕಿ ಹೋಗುವವರಿಗೆ ಈ ರಾಡ್ ಬೇಡ. 280 ಗ್ರೇನ್ ಲೈನಿನ 10-ವೇಟ್ ನೋಡಿ, ಅಂಜಲ್‌ಗೆ ಫ್ಲೈ ಮುಂದೆ ಒಂದು ಗೇಣು ವೈರ್ ಹಾಕಿ.