ಮನೆಯ ವೋಲ್ಟೇಜ್ ಪ್ರೊಟೆಕ್ಟರ್: ಒಂದು ಬೇಸಿಗೆ ಬಳಸಿದ ಮೇಲೆ

ಕಲಬುರಗಿಯ ಸೇಡಂ ರಸ್ತೆ ಕಡೆ, ಅಪಾರ್ಟ್‌ಮೆಂಟಿನ ಏಳನೇ ಮಹಡಿಯಲ್ಲಿ ನಮ್ಮ ಮನೆ. ಏಪ್ರಿಲ್‌ನ ಒಂದು ಸಂಜೆ ಹಾಲ್‌ನ ಬಲ್ಬುಗಳು ಇದ್ದಕ್ಕಿದ್ದಂತೆ ಕಣ್ಣು ಕುಕ್ಕುವಷ್ಟು ಬೆಳಗಿದವು. ಫ್ಯಾನ್ ಗರಗರ ಅಂತ ಜೋರಾಯಿತು. "ಏನೋ ಸುಟ್ಟ ವಾಸನಿ ಬರ್ಲಿಕತ್ತದ ನೋಡವ್ವ" ಅಂತ ಅತ್ತೆ ಕೂಗುವಷ್ಟರಲ್ಲಿ ಟಿವಿ, ವೈಫೈ ರೂಟರ್, ಫ್ರಿಜ್‌ನ ಬೋರ್ಡ್ ಮೂರೂ ಹೋದವು. ಅದೇ ಹೊತ್ತಿಗೆ ಎದುರು ಮನೆಯಲ್ಲಿ ಬಲ್ಬು ಮಿಣಿಮಿಣಿ ಉರಿಯುತ್ತಿತ್ತಂತೆ.

ಎಂಸಿಬಿ (ತಾನಾಗಿ ಆಫ್ ಆಗುವ ಸ್ವಿಚ್) ಯಾಕೆ ಬೀಳಲಿಲ್ಲ ಅಂತ ನಮ್ಮ ಎಲೆಕ್ಟ್ರಿಷಿಯನ್‌ನನ್ನು ಕೇಳಿದೆ. "ಅಕ್ಕಾರ, ಲೋಡ್ ಜಾಸ್ತಿ ಆದ್ರ ಎಂಸಿಬಿ ಬೀಳ್ತದ, ಕರೆಂಟ್ ಸೋರಿದ್ರ ಆರ್‌ಸಿಸಿಬಿ ಬೀಳ್ತದ. ವೋಲ್ಟೇಜ್ ಏರಿದ್ರ ಎರಡಕ್ಕೂ ಗೊತ್ತಾಗಂಗಿಲ್ಲ" ಅಂದ. ಕಟ್ಟಡಕ್ಕೆ ಮೂರು ಫೇಸ್ (ಕರೆಂಟ್ ತರುವ ತಂತಿ) ಬರುತ್ತದೆ, ಒಂದೊಂದು ಮನೆಗೆ ಒಂದೊಂದು ಫೇಸ್, ಆದರೆ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ತಂತಿ) ಎಲ್ಲರಿಗೂ ಒಂದೇ. ಅದು ಸಡಿಲವಾದರೆ ಎಸಿ ಓಡುವ ಮನೆಗಳ ಫೇಸ್‌ನಲ್ಲಿ ವೋಲ್ಟೇಜ್ ಬೀಳುತ್ತದೆ, ಲೋಡ್ ಕಡಿಮೆ ಇರುವ ಫೇಸ್‌ನಲ್ಲಿ ಏರುತ್ತದೆ. 230 ವೋಲ್ಟ್ ಇರಬೇಕಾದದ್ದು 400ರ ಹತ್ತಿರ ಹೋಗಬಹುದು. ನಾವು ಆವತ್ತು ಎಸಿ ಹಾಕಿರಲೇ ಇಲ್ಲ.

ಅವನ ಮಾತಿನ ಮೇಲೆ 63 ಆಂಪಿಯರ್‌ನ ಓವರ್-ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್ (ವೋಲ್ಟೇಜ್ ತೀರಾ ಏರಿದರೆ, ಇಳಿದರೆ ಮನೆಯ ಕರೆಂಟ್ ಕಡಿಯುವ ಸಾಧನ) ತಂದೆವು. ಸೂಪರ್ ಮಾರ್ಕೆಟ್ ಹತ್ತಿರದ ಅಂಗಡಿಯಲ್ಲಿ 1,350 ರೂಪಾಯಿ. ಎರಡು ಎಂಸಿಬಿ ಅಗಲದ ಡಬ್ಬಿ, ಮುಂದೆ ವೋಲ್ಟೇಜ್ ತೋರಿಸುವ ಕೆಂಪು ಅಂಕಿಗಳು. ನಮ್ಮ ಡಿಬಿಯಲ್ಲಿ (ಎಂಸಿಬಿಗಳಿರುವ ಪೆಟ್ಟಿಗೆ) ಜಾಗ ಇರಲಿಲ್ಲ, ಪಕ್ಕದಲ್ಲಿ ಇನ್ನೊಂದು ಸಣ್ಣ ಬಾಕ್ಸ್ ಕೂರಿಸಬೇಕಾಯಿತು. ಕೊಳ್ಳುವ ಮೊದಲು ಡಿಬಿ ತೆರೆದು ನೋಡಿಕೊಳ್ಳಿ.

ಮೇ ತಿಂಗಳಲ್ಲಿ ಮತ್ತೆ ಅದೇ ಆಯಿತು. ಈ ಸಲ 'ಟಕ್' ಅಂತ ಒಂದು ಸದ್ದು, ಮನೆಯೆಲ್ಲ ಕತ್ತಲು. ಓಡಿ ಹೋಗಿ ನೋಡಿದರೆ ಡಬ್ಬಿಯ ಮೇಲೆ 294 ಮಿನುಗುತ್ತಿತ್ತು. ನನ್ನ ಕಣ್ಣೆದುರಿಗೇ 301 ಆಯಿತು, ಮತ್ತೆ 288. ಒಳಗೆ ಒಂದು ಬಲ್ಬೂ ಹೋಗಲಿಲ್ಲ. ಆ ಅಂಕಿ ನೋಡುತ್ತಾ ನಿಂತಾಗ ಎದೆ ಡವಡವ ಅನ್ನುತ್ತಿತ್ತು. ಕೆಳಗೆ ಶಾಫ್ಟ್ (ಕಟ್ಟಡದ ವೈರುಗಳು ಹೋಗುವ ಗೂಡು) ತೆರೆಸಿದಾಗ ನ್ಯೂಟ್ರಲ್‌ನ ಅಲ್ಯೂಮಿನಿಯಂ ಲಗ್ (ತಂತಿಯ ತುದಿಗೆ ಹಾಕುವ ಬಿಲ್ಲೆ) ಸುಟ್ಟು ಕಪ್ಪಾಗಿತ್ತು, ಬೋಲ್ಟ್ ಬೆರಳಲ್ಲೇ ಅಲ್ಲಾಡುತ್ತಿತ್ತು. ಅದನ್ನು ತಾಮ್ರದ ಬಸ್‌ಬಾರ್‌ಗೆ (ವೈರುಗಳು ಸೇರುವ ಪಟ್ಟಿ) ನೇರವಾಗಿ ಬಿಗಿದಿದ್ದರು. ನಮ್ಮ ಬಿಸಿಲಿಗೆ, ಎಸಿಗಳ ಲೋಡಿಗೆ ದಿನಾ ಬಿಸಿಯಾಗಿ, ತಣ್ಣಗಾಗಿ ಸಡಿಲವಾಗಿದೆ. ಈಗ ಅಲ್ಯೂಮಿನಿಯಂ, ತಾಮ್ರ ಎರಡೂ ಇರುವ ಬೈಮೆಟಲ್ ಲಗ್ ಹಾಕಿಸಿದ್ದೇವೆ. ಅದನ್ನು ಸರಿ ಮಾಡದೆ ಮನೆಮನೆಗೆ ಡಬ್ಬಿ ಕೂರಿಸಿದರೆ ಸಾಲದು, ಸಡಿಲವಾದ ನ್ಯೂಟ್ರಲ್ ಬಿಸಿಯಾಗಿ ಶಾಫ್ಟ್‌ನಲ್ಲೇ ಬೆಂಕಿ ಹತ್ತಬಹುದು.

ತೊಂದರೆಗಳೂ ಇವೆ. ಕಂಪನಿಯಿಂದ ಬಂದಾಗ ಕೆಳಗಿನ ಕಟ್ (ಇದಕ್ಕಿಂತ ಇಳಿದರೆ ಆಫ್ ಆಗುವ ಮಿತಿ) 190 ವೋಲ್ಟ್‌ಗೆ ಇತ್ತು. ಸಂಜೆ ಏಳರ ಮೇಲೆ ವೋಲ್ಟೇಜ್ ಇಳಿದಾಗಲೆಲ್ಲ ಮನೆ ಆರಿ ಹೋಗುತ್ತಿತ್ತು. 170ಕ್ಕೆ ಇಳಿಸಿದ ಮೇಲೆ ನೆಮ್ಮದಿ. ಮೇಲಿನ ಕಟ್ 270 ಇದ್ದದ್ದನ್ನು 260 ಮಾಡಿಸಿದೆ. ಕರೆಂಟ್ ಬಂದ ಮೇಲೆ ಮೂರು ನಿಮಿಷ ತಡೆದು ಆನ್ ಆಗುವ ಹಾಗೆ ಇಟ್ಟಿದ್ದೇವೆ, ಫ್ರಿಜ್‌ನ ಕಂಪ್ರೆಸರ್‌ಗೆ ಒಳ್ಳೆಯದು. ಮ್ಯಾನ್ಯುಯಲ್ ಮಾತ್ರ ಬರೀ ಇಂಗ್ಲಿಷ್, ಅಕ್ಷರ ಸಾಸಿವೆ ಕಾಳಿನಷ್ಟು. ಸಿಡಿಲಿಗೆ ಇದು ತಡೆ ಅಲ್ಲ, ಶಾಕ್‌ನಿಂದಲೂ ಕಾಪಾಡುವುದಿಲ್ಲ. ಶಾಕ್‌ಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಬೇರೆ ಬೇಕೇ ಬೇಕು.

ಕೊಳ್ಳುವಾಗ 400 ವೋಲ್ಟ್ ತಾಳುತ್ತದೆ ಅಂತ ಬರೆದಿದೆಯಾ ನೋಡಿ, ಇಲ್ಲದಿದ್ದರೆ ಮೊದಲು ಸುಡುವುದು ಅದೇ. ಕೂರಿಸಿದ ಒಂದು ತಿಂಗಳಿಗೆ ಎಲೆಕ್ಟ್ರಿಷಿಯನ್‌ನನ್ನು ಮತ್ತೆ ಕರೆಸಿ ಸ್ಕ್ರೂ ಬಿಗಿ ಮಾಡಿಸಿ. ನಮ್ಮದರಲ್ಲಿ ಒಂದು ಸ್ಕ್ರೂ ಅರ್ಧ ಸುತ್ತು ತಿರುಗಿತು.