ಕನ್ವರ್ಟರ್ ಹುಡುಕುವ ಮೊದಲು ಒಂದು ನಿಮಿಷ ನಿಲ್ಲಿ

ಹಳೇ ಕಂಪ್ಯೂಟರನ್ನು ವಿಂಡೋಸ್ 7ರಿಂದ 10ಕ್ಕೆ ಅಪ್‌ಗ್ರೇಡ್ ಮಾಡಿದ ವಾರದಲ್ಲೇ ನಾನು ಮಾಡಿಕೊಂಡ ಎಡವಟ್ಟು ಇದು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

2006ರಲ್ಲಿ ಅಕ್ಕನ ಮದುವೆ. ಸ್ಟುಡಿಯೋದವರು ಮೂರು ಡಿವಿಡಿ ಕೊಟ್ಟಿದ್ದರು. ಎಲ್ಲವನ್ನೂ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿಟ್ಟಿದ್ದೆ. ವಿಂಡೋಸ್ 7ರಲ್ಲಿ ಡಬಲ್ ಕ್ಲಿಕ್ ಮಾಡಿದರೆ ಸಾಕಿತ್ತು. 10ರಲ್ಲಿ ಒಂದೂ ಓಪನ್ ಆಗಲಿಲ್ಲ. ಫೈಲುಗಳೇ ಕೆಟ್ಟಿವೆ ಅಂದುಕೊಂಡೆ.

ಅಸಲಿಗೆ ಫೈಲಿಗೆ ಏನೂ ಆಗಿರಲಿಲ್ಲ. ಡಿವಿಡಿಯ ವಿಡಿಯೋ ಎಂಪೆಗ್-2 ಎಂಬ ಬಗೆಯದು. ಅದನ್ನು ಬಿಡಿಸಿ ತೋರಿಸುವ ಕೋಡೆಕ್ ನನ್ನ ವಿಂಡೋಸ್ 7 ಹೋಮ್ ಪ್ರೀಮಿಯಂ ಜೊತೆಗೇ ಬಂದಿತ್ತು. 10ರಲ್ಲಿ ಡಿವಿಡಿ ನೋಡುವ ಸೌಲಭ್ಯವನ್ನೇ ತೆಗೆದುಬಿಟ್ಟಿದ್ದರು, ಮೀಡಿಯಾ ಸೆಂಟರೂ ಹೋಗಿತ್ತು. ವಿಎಲ್‌ಸಿ ಎಂಬ ವಿಡಿಯೋ ಪ್ಲೇಯರ್ ಹಾಕಿಕೊಂಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅದು ಪುಕ್ಕಟೆ, ಬೇಕಾದ ಕೋಡೆಕ್‌ಗಳೂ ಅದರೊಳಗೇ ಇರುತ್ತವೆ.

ಆದರೆ ನಾನು ಮೊದಲು ಫೈಲಿನ ಹೆಸರಿನ ಕೊನೆಯಲ್ಲಿದ್ದ ವಿಒಬಿ ಅನ್ನುವುದನ್ನು ತೆಗೆದು ಎಂಪಿ4 ಅಂತ ಬರೆದೆ. ನಗಬೇಡಿ. ಡಬ್ಬಿಯ ಮೇಲಿನ ಚೀಟಿ ಬದಲಿಸಿದರೆ ಒಳಗಿನ ಉಪ್ಪು ಸಕ್ಕರೆ ಆಗುತ್ತದಾ? ಆಮೇಲೆ ವಿಡಿಯೋವನ್ನು ಒಂದು ಬಗೆಯಿಂದ ಇನ್ನೊಂದಕ್ಕೆ ಬದಲಿಸಿಕೊಡುವ ಕನ್ವರ್ಟರ್ ಹುಡುಕಿ, ನೆಟ್ಟಿನಲ್ಲಿ ಕಣ್ಣಿಗೆ ಬಿದ್ದ ಮೊದಲ 'ಫ್ರೀ'ಯದನ್ನೇ ಇಳಿಸಿಕೊಂಡೆ. ನೆಕ್ಸ್ಟ್, ನೆಕ್ಸ್ಟ್ ಒತ್ತುತ್ತಾ ಹೋದೆ. ಬ್ರೌಸರಿಗೆ ಯಾವುದೋ ಟೂಲ್‌ಬಾರ್ ಬಂದು ಕೂತಿತು. ಅದು ಹೋಗಲಿ. ಕೆಳಗೆ ಸಣ್ಣ ಅಕ್ಷರದಲ್ಲಿ 'ಕನ್ವರ್ಟ್ ಆದ ಮೇಲೆ ಮೂಲ ಫೈಲ್ ಅಳಿಸು' ಅನ್ನುವುದಕ್ಕೆ ಮೊದಲೇ ಟಿಕ್ ಬಿದ್ದಿತ್ತು. ನಾನು ನೋಡಲೇ ಇಲ್ಲ. ರಾತ್ರಿ ಹಚ್ಚಿಟ್ಟು ಮಲಗಿದೆ.

ಬೆಳಿಗ್ಗೆ ಎದ್ದರೆ ಮೂಲ ಫೈಲುಗಳು ಮಾಯ. ರೀಸೈಕಲ್ ಬಿನ್ನಿನಲ್ಲೂ ಇಲ್ಲ. ಹೊಸ ಫೈಲಿನಲ್ಲಿ ಧಾರೆಯ ನಟ್ಟನಡುವೆ ಕಂಪನಿಯ ಹೆಸರು ಅಡ್ಡಡ್ಡ ಬರೆದಿತ್ತು. ಅದು ಹೋಗಬೇಕಾದರೆ ದುಡ್ಡು ಕಟ್ಟಬೇಕಂತೆ! ಡಿವಿಡಿಯಲ್ಲಿ ವಿಡಿಯೋ 1 ಜಿಬಿ ತುಂಡುಗಳಾಗಿ ಇರುತ್ತದೆ. ಈ ಕನ್ವರ್ಟರ್ ಒಂದೊಂದು ತುಂಡನ್ನೂ ಬೇರೆ ಬೇರೆಯಾಗಿ ಬದಲಿಸಿತ್ತು. ಹಾಗಾಗಿ ದನಿ ಜಾರಿತ್ತು. ಭಾವ ತಾಳಿ ಕಟ್ಟಿ ಕೈ ತೆಗೆದ ಮೇಲೆ ಗಟ್ಟಿಮೇಳ! ಯಾರಾದರೂ ಕೈ ಆಡಿಸಿದರೆ ಬಾಚಣಿಗೆ ಹಲ್ಲಿನ ಹಾಗೆ ಗೆರೆಗಳು ಬೇರೆ.

ಬೀರುವಿನಿಂದ ಹಳೇ ಡಿವಿಡಿ ತೆಗೆದೆ. ಎರಡು ಓದಿದವು. ಈ ಸಲ ಹ್ಯಾಂಡ್‌ಬ್ರೇಕ್ ಎಂಬ ಕನ್ವರ್ಟರ್ ಬಳಸಿದೆ. ಅದೂ ಪುಕ್ಕಟೆ, ಮೂಲ ಫೈಲನ್ನು ಮುಟ್ಟುವುದಿಲ್ಲ. ಒಂದೊಂದೇ ತುಂಡು ಕೊಡದೆ ಡಿವಿಡಿಯೊಳಗಿನ ವಿಡಿಯೋ ಟಿಎಸ್ ಫೋಲ್ಡರನ್ನು ಇಡಿಯಾಗಿ ಕೊಡಿ, ಡಿಇಂಟರ್‌ಲೇಸ್ ಅನ್ನುವ ಆಯ್ಕೆ ಆನ್ ಇದೆಯಾ ನೋಡಿ. ಹಲ್ಲಿನ ಗೆರೆಗಳು ಹೋಗುತ್ತವೆ. ಮೊದಲು ಐದು ನಿಮಿಷದಷ್ಟು ಮಾತ್ರ ಬದಲಿಸಿ ನೋಡಿದರೆ ಇನ್ನೂ ಒಳ್ಳೆಯದು. ಸುಮ್ನೆ ಕಂಪ್ಯೂಟರಿನಲ್ಲಿ ನೋಡಲಿಕ್ಕಾದರೆ ಬದಲಿಸುವುದೇ ಬೇಡ. ಪ್ರತಿ ಸಲ ಬದಲಿಸಿದಾಗಲೂ ಚಿತ್ರ ಸ್ವಲ್ಪ ಮಂಕಾಗುತ್ತದೆ.

ಮೂರನೇ ಡಿಸ್ಕ್ ಎಷ್ಟು ಒರೆಸಿದರೂ ಓದಲಿಲ್ಲ. ಸ್ಟುಡಿಯೋಗೆ ಫೋನ್ ಮಾಡಿದೆ. ನಮ್ಮ ಮದುವೆ ಶೂಟ್ ಮಾಡಿದ್ದ ಟೇಪಿನ ಮೇಲೆ ಬೇರೆ ಯಾರದೋ ಮದುವೆ ರೆಕಾರ್ಡ್ ಮಾಡಿ ಎಷ್ಟೋ ವರ್ಷ ಆಗಿತ್ತು. ಹಾಗಾಗಿ ಆ ಡಿಸ್ಕಿನಲ್ಲಿದ್ದ ಆರತಕ್ಷತೆ ಮಾತ್ರ ಇವತ್ತಿಗೂ ಆ ಕಂಪನಿಯ ಹೆಸರಿನ ಸಮೇತವೇ ಇದೆ.