ಖಾಲಿ ಡಾಕ್‌ನಲ್ಲೂ ಹಸಿರು ದೀಪ ಉರಿದರೆ ತಗೊಳ್ಳಬೇಡಿ

ಪಿಎಸ್ 5 ಗೇಮ್ ಯಂತ್ರದ ಕಂಟ್ರೋಲರ್‌ಗೆ ಚಾರ್ಜಿಂಗ್ ಡಾಕ್, ಅಂದರೆ ಇಟ್ಟರೆ ಚಾರ್ಜ್ ಮಾಡುವ ಸ್ಟ್ಯಾಂಡ್, ತಗೊಳ್ಳುವ ಯೋಚನೆಯಲ್ಲಿ ಇರುವವರು ಒಂದೈದು ನಿಮಿಷ ಬಿಡುವು ಮಾಡಿಕೊಂಡು ಇದನ್ನು ಓದಿ. ನಾನು 1,100 ರೂಪಾಯಿಯ ಡಾಕ್ ತಂದು, ಒಂದು ಕಂಟ್ರೋಲರ್‌ನ ಪೋರ್ಟ್ ಮುರಿಸಿಕೊಂಡು, ರಿಪೇರಿಗೆ 1,300 ಕೊಟ್ಟು, ಹತ್ತು ದಿನ ಕಾದು ಕೂತಿದ್ದೆ. ತಪ್ಪಲ್ಲಿ ಅರ್ಧ ನನ್ನದೇ. ಆ ಅರ್ಧ ನಿಮ್ಮದಾಗದಿರಲಿ ಅಂತ ಬರೆಯುತ್ತಿದ್ದೇನೆ.

ಆಗಿದ್ದು ಹೀಗೆ. ದಸರಾ ರಜೆಗೆ ಮಂಡ್ಯದಿಂದ ಚಿಕ್ಕಪ್ಪನ ಮಗ ಮೈಸೂರಿನ ನಮ್ಮ ಮನೆಗೆ ಬರುವವನಿದ್ದ. ಅವನು ಬಂದರೆ ಜಂಬೂಸವಾರಿಗಿಂತ ಫುಟ್‌ಬಾಲ್ ಗೇಮ್‌ಗೇ ಜಾಸ್ತಿ ಹೊತ್ತು. ನನ್ನ ಹತ್ತಿರ ಇರುವುದು ಎರಡು ಕಂಟ್ರೋಲರ್, ಒಂದು ಕೇಬಲ್. ಒಂದು ಚಾರ್ಜ್ ಆಗುವಾಗ ಇನ್ನೊಂದು ಸಾಯುತ್ತಿರುತ್ತೆ. ಸರಿ ಅಂತ ಶಿವರಾಂಪೇಟೆ ಕಡೆ ಹೋಗಿ ಒಂದು ಅಂಗಡಿಯಲ್ಲಿ ಕೇಳಿದೆ. ಅವರು ತೆಗೆದು ಕೊಟ್ಟಿದ್ದು ಎರಡು ಸ್ಲಾಟ್‌ನ ಒಂದು ಕಪ್ಪು ಡಾಕ್, ಕೆಳಗಡೆ ನೀಲಿ ಲೈಟು, ಡಬ್ಬಿ ಮೇಲೆ ದೊಡ್ಡದಾಗಿ ಫಾಸ್ಟ್ ಚಾರ್ಜಿಂಗ್ ಅಂತ. "ಪಿಎಸ್ 4, ಪಿಎಸ್ 5 ಎರಡಕ್ಕೂ ಆಗುತ್ತೆ ಸರ್, ದಿನಾ ಹೋಗ್ತಾ ಇರುತ್ತೆ" ಅಂದರು. ಬಿಲ್ ಕೇಳಿದ್ದಕ್ಕೆ ಒಂದು ಸಣ್ಣ ಚೀಟಿಯಲ್ಲಿ 1,100 ಅಂತ ಬರೆದು ಕೊಟ್ಟರು. ಡಬ್ಬಿ ತಿರುಗಿಸಿ ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಯಾರು ಮಾಡಿದ್ದು, ಯಾರು ಆಮದು ಮಾಡಿದ್ದು, ಯಾವ ದೇಶದ್ದು, ದೂರು ಕೊಡಲು ಯಾವ ನಂಬರ್, ಒಂದೂ ಇರಲಿಲ್ಲ. ಇವೆಲ್ಲ ಪ್ಯಾಕೆಟ್ ಮೇಲೆ ಇರಲೇಬೇಕಾದ ವಿಷಯಗಳು. ನಾನು ನೀಲಿ ಲೈಟ್ ನೋಡಿಕೊಂಡು ಮನೆಗೆ ಬಂದೆ.

ಡಾಕ್ ಜೊತೆ ಅಡಾಪ್ಟರ್ ಇರಲಿಲ್ಲ, ಬರೀ ಯುಎಸ್‌ಬಿ ಕೇಬಲ್. ಟಿವಿ ಹಿಂದಿನ ಯುಎಸ್‌ಬಿ ಪೋರ್ಟ್‌ಗೆ ಚುಚ್ಚಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಎರಡೂ ಕಂಟ್ರೋಲರ್ ರಾತ್ರಿ ಇದ್ದ ಹಾಗೇ ಇವೆ. ನಮ್ಮಪ್ಪ ರಾತ್ರಿ ಹತ್ತಕ್ಕೆ ಟಿವಿಯ ಗೋಡೆ ಸ್ವಿಚ್ ಆರಿಸಿಯೇ ಮಲಗುವವರು, ಮೂವತ್ತು ವರ್ಷದ ಅಭ್ಯಾಸ. ಅವರಿಗೆ ಹೇಳಿ ಸ್ವಿಚ್ ಬಿಡಿಸಿದರೂ ದೊಡ್ಡ ಲಾಭವೇನೂ ಇಲ್ಲ ಅಂತ ಆಮೇಲೆ ಲೆಕ್ಕ ಹಾಕಿದಾಗ ಗೊತ್ತಾಯಿತು. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾಗಿರುವುದು 5 ವೋಲ್ಟ್, 500 ಮಿಲಿಆಂಪ್, ಅಂದರೆ ಎರಡೂವರೆ ವ್ಯಾಟ್. ಡ್ಯುಯಲ್‌ಸೆನ್ಸ್, ಅಂದರೆ ಪಿಎಸ್ 5ರ ಕಂಟ್ರೋಲರ್, ಅದರ ಒಳಗೆ ಇರುವ ಬ್ಯಾಟರಿ 3.65 ವೋಲ್ಟ್, 1,560 ಎಂಎಎಚ್. ಎರಡು ಕಂಟ್ರೋಲರ್ ಸೇರಿ ಹನ್ನೊಂದು ವ್ಯಾಟ್-ಅವರ್ ಮೇಲಾಯಿತು. ದಾರಿಯಲ್ಲಿ ಸೋರುವುದನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ನಾಲ್ಕೂವರೆ ಗಂಟೆ. ನಿಜದಲ್ಲಿ ಇನ್ನೂ ಜಾಸ್ತಿ. ಅಷ್ಟು ಹೊತ್ತು ಟಿವಿ ಯಾರು ಹಾಕಿಡುತ್ತಾರೆ?

ಅಡಾಪ್ಟರ್ ತರೋಣ ಅಂತ ಹೋದೆ. ಬುದ್ಧಿ ಇದ್ದಿದ್ದರೆ ಮನೆಯಲ್ಲೇ ಇದ್ದ ಹಳೆಯ ಫೋನ್ ಚಾರ್ಜರ್ ಹಾಕುತ್ತಿದ್ದೆ. ಸುಮ್ನೆ 150 ರೂಪಾಯಿ ಕೊಟ್ಟು ದೇವರಾಜ ಅರಸು ರಸ್ತೆಯ ಫುಟ್‌ಪಾತ್‌ನಿಂದ ಒಂದು ತಂದೆ. ಮೇಲೆ 5 ವೋಲ್ಟ್ 2 ಆಂಪ್ ಅಂತ ಅಚ್ಚು ಹಾಕಿತ್ತು. ಎರಡು ಕಂಟ್ರೋಲರ್ ಇಟ್ಟು ಅರ್ಧ ಗಂಟೆ ಆಗಿರಬೇಕು, ಅಮ್ಮ ಒಳಗಿಂದ "ಏನೋ ಸುಟ್ಟ ವಾಸನೆ ಬರ್ತಿದೆಯಲ್ಲೋ, ಹಾಲೇನಾದ್ರೂ ಉಕ್ತಾ?" ಅಂದರು. ಹಾಲಲ್ಲ. ಅಡಾಪ್ಟರ್ ಮೇಲೆ ಕೈ ಇಡಲು ಆಗುತ್ತಿರಲಿಲ್ಲ. ಅದರ ಮೇಲೂ ಬಿಐಎಸ್, ಅಂದರೆ ಸರ್ಕಾರದ ಗುಣಮಟ್ಟ ಸಂಸ್ಥೆಯ ಗುರುತು ಇತ್ತು, ಕೆಳಗೆ ಆರ್ ಅಕ್ಷರದಿಂದ ಶುರುವಾಗುವ ಎಂಟಂಕಿಯ ನಂಬರ್ ಕೂಡ. ಬಿಐಎಸ್ ಕೇರ್ ಅಂತ ಸರ್ಕಾರದ ಆ್ಯಪ್ ಇದೆ, ಅದರಲ್ಲಿ ಆ ನಂಬರ್ ಹಾಕಿದರೆ ಯಾವ ತಯಾರಕರಿಗೆ, ಯಾವ ಸಾಮಾನಿಗೆ ಕೊಟ್ಟಿದ್ದು ಅಂತ ತೋರಿಸುತ್ತೆ. ನನ್ನ ಅಡಾಪ್ಟರ್‌ನ ನಂಬರ್ ಬೇರೆ ಯಾರದ್ದೋ ಬೇರೆ ಯಾವುದೋ ಸಾಮಾನಿಗೆ ಸೇರಿದ್ದು! ಈ ಒಂದು ನಿಮಿಷದ ಕೆಲಸ ಅಂಗಡಿ ಮುಂದೆ ನಿಂತೇ ಮಾಡಬಹುದು. ನಾನು ಅಮ್ಮನ ಬೈಗುಳ ತಿಂದ ಮೇಲೆ ಮಾಡಿದೆ.

ಆಮೇಲೆ ಫೋನ್‌ನ ಒಳ್ಳೆಯ ಚಾರ್ಜರ್ ಹಾಕಿದೆ. ಬಿಸಿ ನಿಂತಿತು. ಆಗ ಶುರುವಾಗಿದ್ದು ದೀಪದ ಆಟ. ಚಾರ್ಜ್ ಆಗುವಾಗ ಕೆಂಪು, ತುಂಬಿದ ಮೇಲೆ ಹಸಿರು, ಅಷ್ಟೇ ಅಲ್ವಾ? ನಾನು ಹಸಿರು ನೋಡಿ ತೆಗೆದು ಆಡಲು ಕೂತರೆ ಇಪ್ಪತ್ತು ನಿಮಿಷಕ್ಕೆ ಬ್ಯಾಟರಿ ಕಡಿಮೆ ಅಂತ ಪರದೆ ಮೇಲೆ ಬರುತ್ತಿತ್ತು. ಬ್ಯಾಟರಿಯೇ ಹೋಗಿರಬೇಕು ಅಂತ ಎರಡು ದಿನ ಕೊರಗಿದೆ. ಸರಸ್ವತಿಪುರಂನ ನನ್ನ ಗೆಳೆಯನೊಬ್ಬನ ಹತ್ತಿರ ಯುಎಸ್‌ಬಿ ಮೀಟರ್ ಇದೆ, ಬೆಂಕಿಪೊಟ್ಟಣದಷ್ಟು ದೊಡ್ಡದು, ಚಾರ್ಜರ್ ಮತ್ತು ಕೇಬಲ್ ನಡುವೆ ಸಿಕ್ಕಿಸಿದರೆ ಎಷ್ಟು ವೋಲ್ಟ್, ಎಷ್ಟು ಆಂಪ್ ಹರಿಯುತ್ತಿದೆ ತೋರಿಸುತ್ತೆ. ಅವನು ಬಂದವನೇ ಎರಡೂ ಕಂಟ್ರೋಲರ್ ತೆಗೆದು ಪಕ್ಕಕ್ಕಿಟ್ಟ. ಖಾಲಿ ಡಾಕ್. ಎರಡು ದೀಪವೂ ಹಸಿರು.

"ನೋಡೋ, ಇದಕ್ಕೆ ಬ್ಯಾಟರಿ ಎಷ್ಟು ತುಂಬಿದೆ ಅಂತ ಏನೂ ಗೊತ್ತಿಲ್ಲ" ಅಂದ. "ಕರೆಂಟ್ ಹರಿದ್ರೆ ಕೆಂಪು, ಹರೀದಿದ್ರೆ ಹಸಿರು. ಬ್ಯಾಟರಿ ತುಂಬಿದ್ರೂ ಹರಿಯಲ್ಲ, ಸರಿಯಾಗಿ ತಾಗದಿದ್ರೂ ಹರಿಯಲ್ಲ. ಎರಡಕ್ಕೂ ಹಸಿರೇ."

ಅಂದರೆ ನಾನು ತುಂಬಿದೆ ಅಂದುಕೊಂಡಿದ್ದರಲ್ಲಿ ಅರ್ಧದಷ್ಟು ಸಲ ಕಂಟ್ರೋಲರ್ ಸರಿಯಾಗಿ ಕೂತೇ ಇರಲಿಲ್ಲ. ಅವತ್ತಿನಿಂದ ಡಾಕ್‌ನ ದೀಪ ನೋಡುವುದು ಬಿಟ್ಟೆ. ಡ್ಯುಯಲ್‌ಸೆನ್ಸ್‌ಗೆ ತನ್ನದೇ ಲೈಟ್ ಇದೆ, ಆಟ ಆಡದೆ ಸುಮ್ಮನೆ ಚಾರ್ಜ್ ಆಗುವಾಗ ಟಚ್‌ಪ್ಯಾಡ್ ಅಕ್ಕಪಕ್ಕ ಕಿತ್ತಳೆ ಬಣ್ಣದಲ್ಲಿ ನಿಧಾನಕ್ಕೆ ಉಸಿರಾಡಿದ ಹಾಗೆ ಬೆಳಗುತ್ತೆ. ಆ ಕಿತ್ತಳೆ ಬಂದರೆ ಮಾತ್ರ ಚಾರ್ಜ್ ಆಗುತ್ತಿದೆ ಅಂತ ನಂಬಿ. ಫಾಸ್ಟ್ ಚಾರ್ಜಿಂಗ್ ಅನ್ನುವುದೂ ಅಷ್ಟೇ. ಎಷ್ಟು ಕರೆಂಟ್ ಎಳೆದುಕೊಳ್ಳಬೇಕು ಅಂತ ತೀರ್ಮಾನ ಮಾಡುವುದು ಕಂಟ್ರೋಲರ್ ಒಳಗಿನ ಸರ್ಕ್ಯೂಟ್, ಡಾಕ್ ಬರೀ 5 ವೋಲ್ಟ್ ತಂದು ಬಾಗಿಲಲ್ಲಿ ನಿಲ್ಲಿಸುತ್ತೆ. ಸುಮಾರು ಮೂರು ಗಂಟೆ ಬೇಕು, ಬೇಕೇ ಬೇಕು.

ಇಲ್ಲಿಯವರೆಗೂ ಆಗಿದ್ದು ಬರೀ ತಲೆನೋವು. ನಿಜವಾದ ನಷ್ಟ ಆಗಿದ್ದು ಆ ಡಾಕ್ ಜೊತೆ ಬಂದ ಎರಡು ಚಿಕ್ಕ ಪಿನ್ ತುಂಡಿನಿಂದ. ಉಗುರಿನಷ್ಟು ದೊಡ್ಡದು. ಒಂದು ಕಡೆ ಯುಎಸ್‌ಬಿ ಸಿ ಮೂತಿ, ಇನ್ನೊಂದು ಕಡೆ ಎರಡು ಹಿತ್ತಾಳೆ ಬಣ್ಣದ ಚುಕ್ಕಿ. ಅದನ್ನು ಕಂಟ್ರೋಲರ್‌ನ ಮೇಲ್ಗಡೆ ಎಲ್2, ಆರ್2 ಮಧ್ಯೆ ಇರುವ ಪೋರ್ಟ್‌ಗೆ ಚುಚ್ಚಿ, ಕಂಟ್ರೋಲರ್ ಅನ್ನು ತಲೆಕೆಳಗಾಗಿ ಡಾಕ್ ಮೇಲೆ ಇಡಬೇಕು. ಪಿನ್ ಅನ್ನು ಪ್ರತಿ ಸಲ ತೆಗೆಯುವ ಹಾಗಿಲ್ಲ, ಅಲ್ಲೇ ಬಿಟ್ಟಿರಬೇಕು. ಆಡುವಾಗಲೂ ಅರ್ಧ ಸೆಂಟಿಮೀಟರ್ ಹೊರಗೆ ಚಾಚಿಕೊಂಡೇ ಇರುತ್ತೆ, ಆನೆ ಮರಿಗೆ ಆಗತಾನೇ ದಂತ ಮೂಡಿದ ಹಾಗೆ.

ಆಯುಧಪೂಜೆ ದಿನ ಸಂಜೆ. ಕಂಟ್ರೋಲರ್‌ಗೂ ಕುಂಕುಮ ಇಟ್ಟಿದ್ದೆವು, ಅದು ಬೇರೆ. ನನ್ನ ತಮ್ಮ, ಅದೇ ಚಿಕ್ಕಪ್ಪನ ಮಗ, ಪೆನಾಲ್ಟಿ ಹೊಡೆದ ಖುಷಿಗೆ ಎದ್ದ, ದಿವಾನ್ ಅಂಚಿನಲ್ಲಿದ್ದ ಕಂಟ್ರೋಲರ್ ಮೊಸಾಯಿಕ್ ನೆಲಕ್ಕೆ ಬಿತ್ತು. ಮಾಮೂಲಿ ಆದರೆ ಏನೂ ಆಗುತ್ತಿರಲಿಲ್ಲ, ಎಷ್ಟೋ ಸಲ ಬಿದ್ದಿದೆ. ಈ ಸಲ ಪಿನ್ ಮೇಲೇ ಬಿತ್ತು. 280 ಗ್ರಾಂ ತೂಕ ಪೂರ್ತಿ ಆ ಉಗುರಿನಷ್ಟು ತುಂಡಿನ ಮೇಲೆ, ಅದೂ ಓರೆಯಾಗಿ. "ನಾನೇನೂ ಮಾಡ್ಲಿಲ್ಲ ಕಣಣ್ಣೋ, ಅದೇ ಬಿತ್ತು" ಅಂತ ಅವನು. ಪಿನ್ ಎಳೆದೆ, ಬಂತು. ಅದರ ಮೂತಿ ಒಳಗೆ ಕಪ್ಪಗೆ ಏನೋ ಸಿಕ್ಕಿಕೊಂಡಿತ್ತು. ಟಾರ್ಚ್ ಬಿಟ್ಟು ಪೋರ್ಟ್ ಒಳಗೆ ನೋಡಿದೆ. ಸಿ ಪೋರ್ಟ್ ನಡುವೆ ಒಂದು ತೆಳ್ಳನೆ ನಾಲಿಗೆ ಇರುತ್ತೆ ನೋಡಿ, ಮುಕ್ಕಾಲು ಮಿಲಿಮೀಟರ್ ಕೂಡ ದಪ್ಪ ಇರಲ್ಲ, ಎಲ್ಲ ಕಾಂಟ್ಯಾಕ್ಟ್ ಇರುವುದು ಅದರ ಮೇಲೆ. ಆ ನಾಲಿಗೆ ಇರಲಿಲ್ಲ. ಪೋರ್ಟ್ ಬರೀ ಬೊಕ್ಕಬಾಯಿ.

ಯುಎಸ್‌ಬಿ ಸಿ ಪೋರ್ಟ್ 10,000 ಸಲ ಹಾಕಿ ತೆಗೆದರೂ ತಡೆಯಬೇಕು ಅಂತ ಲೆಕ್ಕ ಇದೆ. ಅದು ನೇರವಾಗಿ ಹಾಕಿ ತೆಗೆದರೆ. ಸನ್ನೆಗೋಲು ಹಾಕಿ ಎತ್ತಿದರೆ ಒಂದೇ ಸಲ ಸಾಕು.

ರಿಪೇರಿಯವರು ಕಂಟ್ರೋಲರ್ ತಿರುಗಿಸಿ ನೋಡಿ ನಕ್ಕರು. "ಕೆಳಗಡೆ ಚಾರ್ಜಿಂಗ್ ಪಾಯಿಂಟ್ ಕೊಟ್ಟಿದ್ದಾರಲ್ಲ ಸರ್, ಮೇಲಿಂದ ಯಾಕೆ ಚುಚ್ಚಿದ್ರಿ?" ನಿಜ. ಡ್ಯುಯಲ್‌ಸೆನ್ಸ್‌ನ ಕೆಳಭಾಗದಲ್ಲಿ ಹೆಡ್‌ಫೋನ್ ಜ್ಯಾಕ್ ಅಕ್ಕಪಕ್ಕ ಎರಡು ಲೋಹದ ಪಟ್ಟಿ ಇವೆ. ಮೂರು ವರ್ಷದಿಂದ ಕೈಯಲ್ಲಿ ಹಿಡಿದಿದ್ದೇನೆ, ಅದು ಏನಕ್ಕೆ ಅಂತ ಯೋಚನೆಯೇ ಮಾಡಿರಲಿಲ್ಲ! ಪಿಎಸ್ 5 ಮಾಡುವ ಸೋನಿ ಕಂಪನಿಯ ಸ್ವಂತ ಡಾಕ್ ಆ ಪಟ್ಟಿಗೆ ತಾಗಿಯೇ ಚಾರ್ಜ್ ಮಾಡುವುದು, ಅಡಾಪ್ಟರ್ ಕೂಡ ಜೊತೆಗೇ ಬರುತ್ತೆ. ಪೋರ್ಟ್ ಮುರಿದ ಮೇಲೂ ಅಂಥ ಡಾಕ್‌ನಲ್ಲಿ ನನ್ನ ಕಂಟ್ರೋಲರ್ ಚಾರ್ಜ್ ಆಗುತ್ತಿತ್ತು, ಅವರು ಇಟ್ಟು ತೋರಿಸಿದರು. ಆದರೂ ಕೇಬಲ್ ಹಾಕಿ ಜೋಡಿಸಬೇಕಾದ ಕೆಲಸಗಳು ಬಂದೇ ಬರುತ್ತವೆ ಅಂತ ಪೋರ್ಟ್ ಬದಲಾಯಿಸಿಕೊಂಡೆ.

ಅಂಗಡಿಗೆ ವಾಪಸ್ ಹೋದಾಗ ನಡೆದ ಮಾತು ನಿಮಗೇ ಗೊತ್ತು, ಜಾಸ್ತಿ ಬರೆಯಲ್ಲ. ಲೈಟ್ ಉರಿಯುತ್ತಿದೆಯಲ್ಲ ಸರ್, ಬೀಳಿಸಿದ್ದು ನೀವು. ಬಿದ್ದಿದ್ದಕ್ಕೆ ಅವರನ್ನು ಕೇಳುವ ಹಾಗಿಲ್ಲ, ಒಪ್ಪುತ್ತೇನೆ. ಆದರೆ ತುಂಬದೆ ತುಂಬಿದೆ ಅನ್ನುವ ದೀಪ ಮಾಲಿನ ದೋಷವೇ ತಾನೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ಬಿಲ್ ಕೊಡದೆ ಇರುವುದೂ ತಪ್ಪು, ದೋಷ ಇರುವ ಮಾಲನ್ನು ಬಿಲ್‌ನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತಗೊಳ್ಳಲ್ಲ ಅನ್ನುವುದೂ ತಪ್ಪು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೆ ದೂರು ಬರೆದುಕೊಳ್ಳುತ್ತಾರೆ. ನಾನು ಆ ಚೀಟಿಯನ್ನು ಯಾವ ಪ್ಯಾಂಟ್ ಜೇಬಲ್ಲಿ ಇಟ್ಟಿದ್ದೆನೋ, ಅದು ಒಗೆಯಲು ಹೋಗಿ ಹಿಟ್ಟಾಗಿತ್ತು. ಕೈಯಲ್ಲಿ ಕಾಗದ ಇಲ್ಲದೆ ಜಗಳ ಆಡಲು ನನಗೆ ಬರಲ್ಲ.

ಈಗ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟು. ಡಾಕ್ ಕಂಟ್ರೋಲರ್‌ಗೆ ಎಲ್ಲಿ ತಾಗುತ್ತೆ ಅಂತ ಮೊದಲು ನೋಡಿ. ಕೆಳಗಿನ ಪಟ್ಟಿಗೆ ತಾಗುವಂಥದ್ದಾದರೆ ಮುಂದಕ್ಕೆ ಮಾತಾಡಿ, ಪಿನ್ ಚುಚ್ಚುವಂಥದ್ದಾದರೆ ಬಿಟ್ಟುಬಿಡಿ. ನಿಮ್ಮ ಕಂಟ್ರೋಲರ್ ತಗೊಂಡೇ ಅಂಗಡಿಗೆ ಹೋಗಿ, ಅಲ್ಲೇ ಇಟ್ಟು ನೋಡಿ, ಕಿತ್ತಳೆ ಬರುತ್ತಾ, ಸ್ವಲ್ಪ ಅಲ್ಲಾಡಿಸಿದರೆ ಆರುತ್ತಾ. ಹಿಂದೆ ಸಿ ಪೋರ್ಟ್ ಇರುವ ಡಾಕ್ ಆದರೆ ಎರಡೂ ತುದಿ ಸಿ ಇರುವ ಕೇಬಲ್ ಹಾಕಿಯೂ ನೋಡಿ. ಕೆಲವು ಅಗ್ಗದವುಗಳಲ್ಲಿ ರೆಸಿಸ್ಟರ್ ಅನ್ನುವ ನಾಲ್ಕಾಣೆಯ ಬಿಡಿಭಾಗ ಉಳಿಸಲು ಹೋಗಿ ಅಂಥ ಕೇಬಲ್‌ನಲ್ಲಿ ಕರೆಂಟೇ ಬರಲ್ಲ, ಹಳೇ ಚಪ್ಪಟೆ ಮೂತಿಯ ಕೇಬಲ್ಲೇ ಬೇಕು. ಎರಡಕ್ಕೂ ಆಗುತ್ತೆ ಅನ್ನುವ ಮಾತು ನಂಬಬೇಡಿ, ಪಿಎಸ್ 4ರ ಕಂಟ್ರೋಲರ್‌ದು ಮೈಕ್ರೋ ಯುಎಸ್‌ಬಿ, ಆಕಾರವೂ ಬೇರೆ. ಎಕ್ಸ್‌ಬಾಕ್ಸ್‌ನವರ ಕಥೆಯೇ ಬೇರೆ, ಅದರ ಮಾಮೂಲಿ ಕಂಟ್ರೋಲರ್ ಎರಡು ಪೆನ್ಸಿಲ್ ಸೆಲ್‌ನಲ್ಲಿ ನಡೆಯುತ್ತೆ. ಅವರು ಡಾಕ್ ಜೊತೆ ಬರುವ ಬ್ಯಾಟರಿ ಪ್ಯಾಕ್ ಹೇಗಿದೆ ಅಂತ ನೋಡಬೇಕು, ಡಾಕ್ ಆಮೇಲೆ.

ಕಂಪನಿ ಡಾಕ್ ನಾನು ವಿಚಾರಿಸಿದಾಗ ಎರಡೂವರೆ ಸಾವಿರದ ಆಸುಪಾಸು ಇತ್ತು. ಜಾಸ್ತಿ ಅನ್ನಿಸುತ್ತೆ, ನನಗೂ ಅನ್ನಿಸಿತು, ಅದಕ್ಕೇ ಈಗ ಡಾಕೇ ಬೇಡ ಅಂತ ಇನ್ನೊಂದು ಒಳ್ಳೆಯ ಕೇಬಲ್ ತಗೊಂಡು ಎರಡು ಪೋರ್ಟ್‌ನ ಫೋನ್ ಚಾರ್ಜರ್‌ಗೆ ಹಾಕಿದ್ದೇನೆ. ನೋಡಲು ಚೆಂದ ಇಲ್ಲ. ಟಿವಿ ಪಕ್ಕ ಎರಡು ವೈರ್ ನೇತಾಡುತ್ತೆ, ಅಮ್ಮ ಕಸ ಗುಡಿಸುವಾಗ ಬೈಯುತ್ತಾರೆ.

ಹಳೇ ಡಾಕ್ ಇನ್ನೂ ಮನೆಯಲ್ಲೇ ಇದೆ. ಆ ಪಿನ್ ಹೇಗಿರುತ್ತೆ ಅಂತ ಕಣ್ಣಾರೆ ನೋಡಿ ಆಮೇಲೆ ಅಂಗಡಿಗೆ ಹೋಗೋಣ ಅನ್ನುವವರು ಕುವೆಂಪುನಗರದ ಕಡೆ ಬಂದರೆ ತೋರಿಸುತ್ತೇನೆ. ತಮ್ಮ ಮೊನ್ನೆ ಮಂಡ್ಯದಿಂದ ಫೋನ್ ಮಾಡಿ "ಅಣ್ಣ, ಸುಮ್ನೆ ಬಿದ್ದಿದೆಯಲ್ಲ, ನಂಗೆ ಕೊಡ್ತೀಯಾ?" ಅಂದ. ಕೊಡಲಿಲ್ಲ.